ಕೇಳದ ಸದ್ದಿಗೆ ದುಡ್ಡು ತೆರಬೇಡಿ

ಆಡಿಯೊ ಹಂಚುವ ಆ್ಯಪ್ ಕಟ್ಟಲು ಹೊರಟವರು ಮೊದಲು ಹೆಸರು, ಲೋಗೊ, ಹೂಡಿಕೆದಾರರ ಮಾತಾಡುತ್ತಾರೆ. ಲಾಭದ ಲೆಕ್ಕ ಶುರುವಾಗುವುದು ಮಾತ್ರ ಕಿವಿಯಿಂದ.

ಆಕಾಶವಾಣಿಯ ಪ್ರಸಾರ ಗೋಪುರಕ್ಕೆ ಕೇಳುಗರು ಹತ್ತು ಮಂದಿಯಿರಲಿ, ಹತ್ತು ಲಕ್ಷವಿರಲಿ, ಕರೆಂಟ್ ಬಿಲ್ ಒಂದೇ. ಅಂತರ್ಜಾಲದಲ್ಲಿ ಹಾಗಿಲ್ಲ. ಒಬ್ಬೊಬ್ಬ ಕೇಳುಗನಿಗೂ ಸರ್ವರ್ ಬೇರೆ ಬೇರೆ ಪ್ರತಿ ಕಳಿಸಬೇಕು, ಹೊರಹೋದ ಡೇಟಾಕ್ಕೆ ಗಿಗಾಬೈಟ್ ಲೆಕ್ಕದಲ್ಲಿ ಬಿಲ್ ಬರುತ್ತದೆ. ಜನ ಮೆಚ್ಚಿದಷ್ಟೂ ಖರ್ಚು ಏರುವ ವಿಚಿತ್ರ ವ್ಯಾಪಾರ ಇದು.

ಸಿ.ಡಿ.ಯಲ್ಲಿ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುತ್ತಾರೆ, ಅದೂ ಎಡಕ್ಕೊಂದು, ಬಲಕ್ಕೊಂದು. ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್. ಒಂದು ಗಂಟೆಗೆ 635 ಮೆಗಾಬೈಟ್. ಇದನ್ನು ಹಾಗೆಯೇ ಹಂಚಲು ಹೋದರೆ ಪುಟ್ಟ ಆ್ಯಪ್ ಬಾಗಿಲು ಮುಚ್ಚಬೇಕಾದೀತು.

ದಾರಿ ತೋರಿಸಿದ್ದು ಕಿವಿಯ ಒಂದು ದೌರ್ಬಲ್ಯ. ತೇರಿನ ಮುಂದೆ ಡೊಳ್ಳು ಬಾರಿಸುವಾಗ ಪಕ್ಕದವರ ಪಿಸುಮಾತು ನಮಗೆ ಕೇಳಿಸದು. ಜೋರಾದ ಸ್ವರವೊಂದು ತನ್ನ ಆಸುಪಾಸಿನ ಆವರ್ತನದ ಮೆಲುದನಿಗಳನ್ನು ಮರೆಮಾಡುತ್ತದೆ, ಆ ಸ್ವರ ನಿಂತ ಮೇಲೂ ಕ್ಷಣಕಾಲ ಆ ಮರೆ ಉಳಿಯುತ್ತದೆ. ಮಿದುಳಿಗೆ ತಲುಪದ ಸದ್ದಿಗೆ ಬಿಟ್‌ಗಳನ್ನು ಏಕೆ ಸುರಿಯಬೇಕು? ಜರ್ಮನಿಯ ಎರ್ಲಾಂಗೆನ್‌ನಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರು ಈ ಪ್ರಶ್ನೆಯ ಬೆನ್ನು ಹತ್ತಿದ್ದರ ಫಲವೇ ಎಂಪಿ3. ಅವರಿಗೆ ಭಾರೀ ವಾದ್ಯಮೇಳಕ್ಕಿಂತ ಹೆಚ್ಚು ಕಾಟ ಕೊಟ್ಟದ್ದು ಸುಜಾನ್ ವೇಗಾ ಒಬ್ಬರೇ, ವಾದ್ಯವಿಲ್ಲದೆ ಹಾಡಿದ ‘ಟಾಮ್ಸ್ ಡೈನರ್’. ಬರಿಯ ಕಂಠದ ಹಿಂದೆ ತಪ್ಪು ಅಡಗಿಸಲು ಜಾಗವಿರಲಿಲ್ಲ. ಕೊನೆಗೂ ಸೆಕೆಂಡಿಗೆ 128 ಕಿಲೊಬಿಟ್‌ಗೆ ಇಳಿಸಿದಾಗ ಗಂಟೆಯ ಸಂಗೀತ 58 ಮೆಗಾಬೈಟ್‌ನಲ್ಲಿ ಕುಳಿತುಕೊಂಡಿತು.

ಮಾತಿನ ವಿಷಯ ಬೇರೆ, ಅದರಲ್ಲಿ ಇನ್ನೂ ದೊಡ್ಡ ಉಳಿತಾಯ ಇದೆ. ಗಂಟಲಲ್ಲಿ ಧ್ವನಿತಂತುಗಳ ಕಂಪನ, ಮೇಲೆ ಬಾಯಿ, ನಾಲಿಗೆ, ತುಟಿ ಕೂಡಿ ಕೊಡುವ ಆಕಾರ: ಇಷ್ಟೇ ಮಾತಿನ ಯಂತ್ರ. ನಾಲಿಗೆ ಎಷ್ಟೇ ಚುರುಕಾದರೂ 20 ಮಿಲಿಸೆಕೆಂಡಿನಲ್ಲಿ ಆಕಾರ ಹೆಚ್ಚು ಬದಲಾಗದು. ಹಾಗಾಗಿ ಹಿಂದಿನ ಅಳತೆಗಳನ್ನು ನೋಡಿ ಮುಂದಿನದನ್ನು ಊಹಿಸಬಹುದು. ಊಹೆ ತಪ್ಪಿದಷ್ಟನ್ನು ಮಾತ್ರ ಕಳಿಸಿದರೆ ಸಾಕು. ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಪ್ರಮುಖರು ಬಿಷ್ಣು ಅಟಲ್. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಈಗಲೂ ಹಳಬರು ಐಐಎಸ್‌ಸಿಗೆ ಹೇಳುವುದೇ ಹಾಗೆ) ಓದಿ, ಅಲ್ಲೇ ಧ್ವನಿವಿಜ್ಞಾನ ಕಲಿಸಿ, 1961ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದವರು. ಮೊಬೈಲ್ ಮಾತುಕತೆಯ ಬುನಾದಿಯಲ್ಲಿ ಅವರ ಕೆಲಸವಿದೆ.

ಈ ಎರಡೂ ದಾರಿಗಳು ಕೂಡಿದ್ದು 2012ರಲ್ಲಿ ಪ್ರಮಾಣಿತವಾದ, ಸದ್ದನ್ನು ಕುಗ್ಗಿಸಿ ಮತ್ತೆ ಬಿಡಿಸುವ ಓಪಸ್ ಕೋಡೆಕ್‌ನಲ್ಲಿ. ಅದಕ್ಕೆ ಪರವಾನಗಿ ಶುಲ್ಕವಿಲ್ಲ. ವಾಟ್ಸ್‌ಆ್ಯಪ್ ಧ್ವನಿ ಸಂದೇಶ ಕಳಿಸುವ ಎಲ್ಲರೂ ಗೊತ್ತಿಲ್ಲದೆಯೇ ಅದನ್ನು ಬಳಸುತ್ತಿದ್ದಾರೆ. ಮಾತನ್ನು 24 ಕಿಲೊಬಿಟ್‌ನಲ್ಲಿ ಅದು ಚೊಕ್ಕವಾಗಿ ಕೇಳಿಸುತ್ತದೆ, ಗಂಟೆಗೆ 11 ಮೆಗಾಬೈಟ್ ಕೂಡ ಆಗದು. ಲಕ್ಷ ಮಂದಿ ದಿನಕ್ಕೆ ಅರ್ಧ ಗಂಟೆ ಕೇಳುವ ಆ್ಯಪ್ ಇದೆ ಎನ್ನಿ. 128ರ ಎಂಪಿ3ಯಲ್ಲಿ ದಿನಕ್ಕೆ 2,880 ಗಿಗಾಬೈಟ್ ಹೊರಹೋಗುತ್ತದೆ, 24ರ ಓಪಸ್‌ನಲ್ಲಿ 540. ಜಾಹೀರಾತಿನಿಂದ ಬರುವ ಪುಡಿಗಾಸಿನಲ್ಲಿ ಬದುಕುವ ಹೊಸ ಕಂಪನಿಗೆ ಈ ವ್ಯತ್ಯಾಸವೇ ಕೆಲವರ ಸಂಬಳ.

ಆದರೆ ಯಾವ ಕೋಡೆಕ್ಕೂ ಕುಗ್ಗಿಸಲಾರದ ಖರ್ಚೊಂದಿದೆ: ಹಾಡಿನ ಹಕ್ಕುದಾರರಿಗೆ ಕೊಡಬೇಕಾದ ರಾಯಲ್ಟಿ. ಇದಕ್ಕೆ ಆಡಿಯೊ ಹಂಚುವ ಸೌಂಡ್‌ಕ್ಲೌಡ್ ಕಥೆ ನೋಡಬೇಕು. 2007ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿ ಬರ್ಲಿನ್‌ಗೆ ಹೋದ ಕಂಪನಿ. ಅವರ ಮೊದಲ ಉಪಾಯ ಜಾಣತನದ್ದು. ಕೇಳುವವರಿಂದಲ್ಲ, ಧ್ವನಿ ಅಪ್‌ಲೋಡ್ ಮಾಡುವವರಿಂದ ಹಣ: ಇಷ್ಟು ಅವಧಿಯವರೆಗೆ ಬಿಟ್ಟಿ, ಮುಂದಕ್ಕೆ ಚಂದಾ. ಮುಂದೆ ದೊಡ್ಡ ಸಂಗೀತ ಕಂಪನಿಗಳೊಂದಿಗೆ ರಾಯಲ್ಟಿ ಒಪ್ಪಂದ ಮಾಡಿಕೊಂಡು 2016ರಲ್ಲಿ ಕೇಳುಗರ ಚಂದಾ ಯೋಜನೆಗೂ ಇಳಿದರು. ಮರುವರ್ಷ ಜುಲೈನಲ್ಲಿ 173 ಮಂದಿಯ ಕೆಲಸ ಹೋಯಿತು. ಆಗಸ್ಟ್‌ನಲ್ಲಿ ಹೊಸ ಬಂಡವಾಳ ಬಾರದೇ ಇದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಸಂಗೀತದಲ್ಲಿ ದೈತ್ಯನಾದ ಸ್ಪಾಟಿಫೈ ಕೂಡ ಇಡೀ ವರ್ಷದ ನಿವ್ವಳ ಲಾಭ ಕಂಡದ್ದು ಮೊದಲ ಸಲ 2024ರಲ್ಲಿ, ಸೇವೆ ಶುರುವಾಗಿ ಹದಿನಾರು ವರ್ಷದ ಮೇಲೆ.

ಕನ್ನಡದಲ್ಲಿ ಹೊಸ ಆ್ಯಪ್ ಮಾಡುವವರು ಸಿನಿಮಾ ಹಾಡಿನ ಕಡೆ ತಿರುಗಿಯೂ ನೋಡಬಾರದು ಎನ್ನುವುದು ನನ್ನ ಅಭಿಪ್ರಾಯ. ಕಥೆ, ಪ್ರವಚನ, ಹರಟೆ, ತಾಳಮದ್ದಲೆ: ಮಾತಿನಲ್ಲೇ ಬಂಡವಾಳ ಇದೆ. ಹಕ್ಕುದಾರರು ಕಣ್ಣೆದುರೇ ಇರುತ್ತಾರೆ, ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಬಹುದು. ಬಿಟ್‌ಗಳೂ ಅಗ್ಗ.

ತಾಳಮದ್ದಲೆಯಲ್ಲಿ ಮಾತ್ರ ಒಂದು ತೊಡಕು. ಪಾತ್ರವಾಗಿ ಮಾತಾಡುವ ಅರ್ಥಧಾರಿಗೆ 24 ಕಿಲೊಬಿಟ್ ಧಾರಾಳ. ಭಾಗವತರು ಪದ ಎತ್ತಿ ಚೆಂಡೆಯ ಪೆಟ್ಟು ಬಿದ್ದೊಡನೆ ಊಹೆಯ ತಂತ್ರ ಸೋಲುತ್ತದೆ, ನಿಶ್ಶಬ್ದದಿಂದ ಥಟ್ಟನೆ ಎದ್ದ ಸದ್ದನ್ನು ಹಿಂದಿನ ಅಳತೆ ನೋಡಿ ಊಹಿಸುವಂತಿಲ್ಲ. ಎಂಪಿ3ಯಂತೆ ಸದ್ದನ್ನು ತುಣುಕುಗಳಾಗಿ ಕತ್ತರಿಸಿ ಆವರ್ತನ ಲೆಕ್ಕ ಹಾಕುವ ದಾರಿಗೆ ಹೋದರೂ ತುಣುಕು ಉದ್ದವಾಗಿದ್ದರೆ ಕುಗ್ಗಿಸುವಿಕೆಯ ತಪ್ಪು ಇಡೀ ತುಣುಕಿಗೆ ಹರಡಿ, ಪೆಟ್ಟಿಗೆ ಮುಂಚೆಯೇ ‘ಸುಯ್’ ಎಂಬ ಕಲಬೆರಕೆ ಸದ್ದು ಕೇಳುತ್ತದೆ. ತಂತ್ರಜ್ಞರು ಈ ದೋಷವನ್ನು ಪೂರ್ವ ಪ್ರತಿಧ್ವನಿ (ಪ್ರೀ-ಎಕೊ) ಎನ್ನುತ್ತಾರೆ. ಓಪಸ್ ಇಂಥ ಕಡೆ ತುಣುಕನ್ನು ಸಣ್ಣದು ಮಾಡಿ, ಹೆಚ್ಚು ಬಿಟ್ ಬಳಸಿ ಸುಧಾರಿಸುತ್ತದೆ, ನಾವು ಅದರ ಕೈ ಕಟ್ಟಿ ಹಾಕದಿದ್ದರೆ. ಆದ್ದರಿಂದ ಬಿಟ್‌ರೇಟನ್ನು ಒಂದೇ ಮಟ್ಟಕ್ಕೆ ಬಿಗಿಯದೆ ಏರಿಳಿಯಲು ಬಿಡಬೇಕು. ತಿಂಗಳ ಡೇಟಾ ಬಜೆಟ್ ಬರೆಯುವಾಗ ಚೆಂಡೆಯ ಪಾಲನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು.