ಮುನ್ನುಡಿಯ ಬೆನ್ನಿಗೆ ಅಡಗಿದ್ದ ಡ್ರಾಕುಲಾ

ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಸಿಇಟಿ ಗೈಡುಗಳ ರಾಶಿಯಡಿಯಿಂದ ಆ ಪುಸ್ತಕ ಇಣುಕುತ್ತಿತ್ತು. 'ಪವರ್ಸ್ ಆಫ್ ಡಾರ್ಕ್‌ನೆಸ್'. ಎಳೆದು ನೋಡಿದೆ. ಬ್ರಾಮ್ ಸ್ಟೋಕರ್ ಹೆಸರು ಕಂಡದ್ದೇ ಮತ್ತೆ ಅಲ್ಲೇ ತುರುಕಿದೆ. ಮನೆಯಲ್ಲಿ ಆಗಲೇ ಮೂರು 'ಡ್ರಾಕುಲಾ' ಇವೆ. ನಾಲ್ಕನೆಯದನ್ನು ಒಯ್ದರೆ ಅದರ ಜೊತೆಗೆ ನಾನೂ ಜಗಲಿಯಲ್ಲೇ ಮಲಗಬೇಕಾಗುತ್ತಿತ್ತು. "ತಗೊಳ್ಳಿ ಸಾರ್, ಇದು ಆ ಡ್ರಾಕುಲಾ ಅಲ್ವಂತೆ. ಮೊನ್ನೆ ಇದನ್ನ ಮಾರಿದೋರೇ ಹಾಗಂದ್ರು" ಎಂದ ಅಂಗಡಿಯಾತ. ಅಷ್ಟು ಗೊತ್ತಿದ್ದವರು ಮಾರಿದ್ದೇಕೆ ಎಂದು ಕೇಳಬೇಕೆನಿಸಿತು; ಕೇಳಿದರೆ ಬೆಲೆ ಏರಿಸಿಯಾನು ಎಂದು ಸುಮ್ಮನಾದೆ. 300 ಹೇಳಿ 200ಕ್ಕೆ ಇಳಿದ.

ಡಿಸೆಂಬರ್ ಬಂದರೆ ಗೆಳೆಯರೆಲ್ಲ ವರ್ಷದ ಓದಿನ ಪಟ್ಟಿ ಮಾಡುತ್ತಾರೆ. ನನ್ನ ಪಟ್ಟಿಯಲ್ಲಿ ಇರುವುದೆಲ್ಲ ದೆವ್ವ, ಭೂತ, ಹಾಳು ಬಂಗಲೆ. ಹಾರರ್ ಓದುವವನೆಂದರೆ ಇನ್ನೂ ಬುದ್ಧಿ ಬಲಿಯದವನು ಎಂದು ಎಣಿಸುವವರ ನಡುವೆಯೇ ಬಾಳಿದ್ದರಿಂದ ಆ ಬಗ್ಗೆ ಸಂಕೋಚ ಉಳಿದಿಲ್ಲ. ಈ ಸಲವೂ ಒಳ್ಳೆಯ ಪುಸ್ತಕಗಳು ಸಿಕ್ಕವು, ಆಮೇಲೆ ಹೇಳುತ್ತೇನೆ. ಮೊದಲು ಈ ಇನ್ನೂರು ರೂಪಾಯಿಯ ಪುಸ್ತಕದ್ದು ಮುಗಿಯಲಿ.

1897ರಲ್ಲಿ ಲಂಡನ್ನಿನಲ್ಲಿ ಬಂದ 'ಡ್ರಾಕುಲಾ' ಎಲ್ಲರಿಗೂ ಗೊತ್ತು. ಮೂರೇ ವರ್ಷಕ್ಕೆ ಅದು ಐಸ್‌ಲ್ಯಾಂಡಿಗೆ ಹೋಯಿತು. ರೇಕ್ಯಾವಿಕ್‌ನ 'ಫ್ಯಾಲ್‌ಕೋನನ್' ಪತ್ರಿಕೆಯ ಸಂಪಾದಕ ವಾಲ್ಡಿಮಾರ್ ಆಸ್ಮುಂಡ್ಸನ್ ಅದನ್ನು 'ಮಾಕ್ಟ್ ಮಿರ್ಕ್ರಾನ್ನಾ' ಎಂಬ ಹೆಸರಿನಲ್ಲಿ ಧಾರಾವಾಹಿಯಾಗಿ ಅಚ್ಚು ಹಾಕಿದ. ಕತ್ತಲೆಯ ಶಕ್ತಿಗಳು ಎಂದು ಅರ್ಥ. 1901ರಲ್ಲಿ ಪುಸ್ತಕವೂ ಆಯಿತು. ಅದಕ್ಕೆ ಬಿ.ಎಸ್. ಎಂಬ ಸಹಿಯ ಒಂದು ಮುನ್ನುಡಿ. ಇಲ್ಲಿ ಹೇಳಿದ್ದೆಲ್ಲ ನಿಜವಾಗಿ ನಡೆದದ್ದು ಎಂಬ ವಾದ. ಲಂಡನ್ನನ್ನು ನಡುಗಿಸಿದ್ದ ಜ್ಯಾಕ್ ದಿ ರಿಪ್ಪರ್ ಕೊಲೆಗಳ ಕಡೆಗೊಂದು ಕಣ್ಸನ್ನೆ. 1986ರಲ್ಲಿ ಈ ಮುನ್ನುಡಿ ಇಂಗ್ಲಿಷಿಗೆ ಬಂದಾಗ ಡ್ರಾಕುಲಾ ಪಂಡಿತರು ಹಬ್ಬ ಮಾಡಿದರು. ಲೇಖನ ಬರೆದರು, ಟಿಪ್ಪಣಿ ಬರೆದರು, ರಿಪ್ಪರನಿಗೂ ಕೌಂಟನಿಗೂ ನಂಟು ಹುಡುಕಿದರು.

ಮುನ್ನುಡಿ ಮುಗಿದ ಮೇಲಿನ ಹಾಳೆಯನ್ನು ಮಾತ್ರ ಅವರಲ್ಲಿ ಒಬ್ಬರೂ ತಿರುವಿ ನೋಡಲಿಲ್ಲ.

ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಮೂರು ದಶಕದ ಹತ್ತಿರ ಹತ್ತಿರ. ಒಳಗಿರುವುದು ಮೂಲದ್ದೇ ಸಂಗ್ರಹಾನುವಾದ ಎಂದು ಎಲ್ಲರೂ ನಂಬಿದ್ದರು. ಐಸ್‌ಲ್ಯಾಂಡಿನವರು ಇಂಗ್ಲಿಷ್ 'ಡ್ರಾಕುಲಾ'ದೊಡನೆ ಹೋಲಿಸಿ ನೋಡಲಿಲ್ಲ, ಇಂಗ್ಲಿಷ್ ಪಂಡಿತರಿಗೆ ಐಸ್‌ಲ್ಯಾಂಡಿಕ್ ಬರಲಿಲ್ಲ. 2014ರಲ್ಲಿ ಹಾನ್ಸ್ ಡಿ ರೋಸ್ ಎಂಬ ಡಚ್ ಸಂಶೋಧಕ ಒಳಗಿನ ಪುಟಗಳನ್ನು ಅನುವಾದಿಸುತ್ತ ಹೋದರೆ, ಅಲ್ಲಿ ಇದ್ದದ್ದು ಬೇರೆಯದೇ ಕಾದಂಬರಿ! 2017ರಲ್ಲಿ ಅವರ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ನನ್ನ ಕೈಗೆ ಸಿಕ್ಕಿದ್ದು ಅದೇ. ತಮಾಷೆಯೆಂದರೆ ನನ್ನ ಪ್ರತಿಯ ಹಿಂದಿನ ಒಡೆಯರೂ ಪಂಡಿತರ ಜಾತಿಯವರೇ: ಮುನ್ನುಡಿಯುದ್ದಕ್ಕೂ ಪೆನ್ಸಿಲ್ ಗೀಟು, ಅದರ ಕೊನೆಗೆ ಮಡಚಿದ ಬಿಎಂಟಿಸಿ ಟಿಕೆಟ್ಟು, ಅಲ್ಲಿಂದಾಚೆ ಹಾಳೆಗಳು ಹೊಚ್ಚ ಹೊಸತು.

ಕಥೆಯಲ್ಲಿ ಏನೇನು ಬದಲಾಗಿದೆ? ಜೋನಾಥನ್ ಹಾರ್ಕರ್ ಇಲ್ಲಿ ಥಾಮಸ್. ಮೀನಾ ಎಂಬವಳು ವಿಲ್ಮಾ. ನೊಣ, ಜೇಡ ತಿನ್ನುವ ರೆನ್‌ಫೀಲ್ಡ್ ಇಲ್ಲವೇ ಇಲ್ಲ. ಮೂಲದ 27 ಅಧ್ಯಾಯಗಳಲ್ಲಿ ಕೋಟೆಯ ಸೆರೆವಾಸ ಬರೀ ಮೊದಲ ನಾಲ್ಕು. ಇಲ್ಲಿ ಪುಸ್ತಕದ ಬಹುಪಾಲು ಕೋಟೆಯಲ್ಲೇ ಕಳೆಯುತ್ತದೆ. ಮೂವರು ರಕ್ತಪಿಪಾಸು ಹೆಣ್ಣುಗಳ ಬದಲು ಹೊಂಗೂದಲಿನವಳೊಬ್ಬಳೇ. ಅವಳು ಕಚ್ಚುವುದಕ್ಕೆ ಅವಸರಪಡುವುದಿಲ್ಲ. ರಾತ್ರಿ ರಾತ್ರಿ ಬಂದು ಮಾತಾಡಿಸುತ್ತಾಳೆ, ಥಾಮಸ್ ಕರಗುತ್ತಾನೆ, ಬೆಳಗಾದರೆ ವಿಲ್ಮಾಳ ನೆನಪಾಗಿ ನಾಚುತ್ತಾನೆ. ಕೋಟೆಯ ತಳದಲ್ಲಿ ವಾನರರಂಥ ಮನುಷ್ಯರು, ನರಬಲಿ. ಕೌಂಟ್ ಬರೀ ರಕ್ತ ಹೀರುವವನಲ್ಲ, ಬಲವಿದ್ದವನೇ ಬಾಳತಕ್ಕದ್ದು ಎಂದು ಭಾಷಣ ಬಿಗಿಯುತ್ತ ದೇಶವಿದೇಶಗಳಲ್ಲಿ ರಾಜಕೀಯ ಒಳಸಂಚು ಹೂಡುವವನು. 1901ರಲ್ಲಿ ಅಚ್ಚಾದ ಆ ಪುಟಗಳನ್ನು ಇಂದು ಓದುವಾಗ, ಹಲ್ಲಿಗಿಂತ ಅವನ ಮಾತೇ ಹೆಚ್ಚು ಹೆದರಿಸಿತು.

ಒಂದು ವಿಷಯದಲ್ಲಿ ನನಗೆ ಕೋಪವಿದೆ. ಮೂಲದಲ್ಲಿ ಕೋಟೆಗೆ ಆಳೇ ಇಲ್ಲ. ಕೌಂಟನೇ ಹಾಸಿಗೆ ಹಾಸುವುದನ್ನು ಹಾರ್ಕರ್ ಕಾಣುತ್ತಾನೆ, ಊಟಕ್ಕೆ ತಟ್ಟೆ ಜೋಡಿಸುವುದನ್ನು ಬಾಗಿಲ ಸಂದಿಯಿಂದ ನೋಡುತ್ತಾನೆ. ಇಷ್ಟು ದೊಡ್ಡ ಮನೆಯಲ್ಲಿ ನಾವಿಬ್ಬರೇ ಎಂದು ಅವನಿಗೆ ಹೊಳೆಯುವುದು ಆಗ. ಇಡೀ 'ಡ್ರಾಕುಲಾ'ದಲ್ಲಿ ನನ್ನ ಬೆನ್ನು ತಣ್ಣಗಾಗುವುದು ಈ ಜಾಗದಲ್ಲಿ. ಐಸ್‌ಲ್ಯಾಂಡಿನ ಕಥೆಯಲ್ಲಿ ಕಿವಿ ಕೇಳದ, ಮಾತು ಬಾರದ ಮುದುಕಿಯೊಬ್ಬಳು ಮನೆಗೆಲಸಕ್ಕೆ ಬಂದುಬಿಟ್ಟಿದ್ದಾಳೆ. ಮಿಕ್ಕದ್ದೆಲ್ಲ ಸರಿ, ಹಾಸಿಗೆ ಹಾಸುವ ದೆವ್ವವನ್ನು ಕಿತ್ತುಕೊಂಡದ್ದನ್ನು ಕ್ಷಮಿಸಲಾರೆ.

ಆದರೆ ಗಂಟು ಇರುವುದೂ ಈ ಮುದುಕಿಯಲ್ಲೇ. ಸ್ಟೋಕರ್ 1890ರಿಂದ ಬರೆದಿಟ್ಟ ಕರಡು ಟಿಪ್ಪಣಿಗಳು ಫಿಲಡೆಲ್ಫಿಯಾದ ರೋಸೆನ್‌ಬಾಕ್ ಸಂಗ್ರಹದಲ್ಲಿವೆ. ಅವುಗಳಲ್ಲಿ ಕೌಂಟನ ಆಳಾಗಿ ಕಿವುಡಿ-ಮೂಗಿಯೊಬ್ಬಳಿದ್ದಾಳೆ. ಆಮೇಲೆ ಸ್ಟೋಕರ್ ಅವಳನ್ನು ಕೈಬಿಟ್ಟ. ಕೈಬಿಟ್ಟವಳು ಐಸ್‌ಲ್ಯಾಂಡಿಗೆ ಹೋದದ್ದು ಹೇಗೆ? ಸ್ಟೋಕರನದೇ ಕೈವಾಡ ಇದ್ದೀತು ಎಂದು ಡಿ ರೋಸ್‌ಗೆ ಅನುಮಾನ. ನನಗೆ ಪೂರ್ತಿ ನಂಬಿಕೆ ಬಂದಿಲ್ಲ. ಹಾಳು ಕೋಟೆ ಅಂದಮೇಲೆ ಮೂಕ ಆಳು ಎಂಬುದು ಆ ಕಾಲದ ಯಾರ ತಲೆಗಾದರೂ ಬರುವಂಥದ್ದು. ಆದರೂ ರಾತ್ರಿ ಹನ್ನೊಂದರ ಮೇಲೆ ಓದುವಾಗ ನಂಬಿಬಿಡುತ್ತೇನೆ.

ಡಿ ರೋಸ್ ಪುಸ್ತಕದ ಮಸಿ ಆರುವ ಮೊದಲೇ ಇನ್ನೊಂದು ಏಟು ಬಿತ್ತು. 2017ರಲ್ಲೇ ಸ್ವೀಡನ್ನಿನ ರಿಕಾರ್ಡ್ ಬರ್ಗ್‌ಹಾರ್ನ್, 'ಕತ್ತಲೆಯ ಶಕ್ತಿಗಳು' ಎಂಬ ಹೆಸರನ್ನು ನಾವು ನಮ್ಮ ಹಳೇ ಪತ್ರಿಕೆಯಲ್ಲಿ ಕಂಡಿದ್ದೇವಲ್ಲ ಎಂದರು. 'ಮೋರ್ಕ್ರೆಟ್ಸ್ ಮಾಕ್ಟರ್', ಅದೇ ಅರ್ಥ. 1899ರಲ್ಲಿ 'ಡಾಗೆನ್' ಪತ್ರಿಕೆಯಲ್ಲಿ ಶುರುವಾದ ಧಾರಾವಾಹಿ, ಮೂಲ 'ಡ್ರಾಕುಲಾ'ಕ್ಕಿಂತ ಎಷ್ಟೋ ದೊಡ್ಡದು. ವಾಲ್ಡಿಮಾರ್ ಮಾಡಿದ್ದು ಅದರ ಸಂಗ್ರಹ. ಅಲ್ಲಿಗೆ ಒಂದು ಒಗಟು ಬಿಡಿಸಿದಂತಾಯಿತು. ಕೋಟೆ ಬಿಟ್ಟ ಮೇಲೆ ಐಸ್‌ಲ್ಯಾಂಡಿನ ಕಥೆ ಡೈರಿ, ಪತ್ರಗಳ ರೂಪವನ್ನೇ ಬಿಸುಟು ವರದಿಯಂತೆ ಓಡುವುದು ಏಕೆಂದು ತಲೆ ಕೆಡಿಸಿಕೊಂಡಿದ್ದೆ. ವಾರಪತ್ರಿಕೆಯ ಧಾರಾವಾಹಿ ಓದಿ ಬೆಳೆದವರಿಗೆ ಈ ಲಕ್ಷಣ ಅಪರಿಚಿತವಲ್ಲ: ಜಾಗ ಕಮ್ಮಿ, ಸಂಪಾದಕನಿಗೆ ಸುಸ್ತು, ಮುಂದಿನ ವಾರದೊಳಗೆ ಎಲ್ಲರನ್ನೂ ಸಾಯಿಸಿ ಮಂಗಳ ಹಾಡಬೇಕು.

ಅನುವಾದದ ಹೆಸರಿನಲ್ಲಿ ಕಥೆ ಬದಲಿಸಿದ್ದನ್ನು ಯುರೋಪಿನವರು ಹಗರಣವೆಂಬಂತೆ ನೋಡಿದ್ದು ಕಂಡು ನನಗೆ ನಗು. ನಮ್ಮ ಹಿರಿಯರು ಇದನ್ನೇ ರೂಪಾಂತರ ಎಂದು ಕರೆದು ರಾಜಾರೋಷವಾಗಿ ಮಾಡಿದರು. ಎಂ.ಎಲ್. ಶ್ರೀಕಂಠೇಶಗೌಡರು 1895ರಲ್ಲೇ 'ಮ್ಯಾಕ್‌ಬೆತ್' ನಾಟಕವನ್ನು 'ಪ್ರತಾಪರುದ್ರದೇವ' ಮಾಡಿದರು. ಮಾಟಗಾತಿಯರು, ಪ್ರೇತ, ರಕ್ತ ಹತ್ತಿದ ಕೈ ಎಲ್ಲ ಇರುವ ನಾಟಕ. ಕನ್ನಡಕ್ಕೆ ಬಂದ ಇಂಗ್ಲಿಷ್ ದೆವ್ವಗಳ ಹಿರಿಯಣ್ಣರಲ್ಲಿ ಒಬ್ಬ ಅಲ್ಲೇ ಇದ್ದಾನೆ. ಇಸ್ತಾಂಬುಲ್‌ನಲ್ಲೂ ಅಲಿ ರಿಝಾ ಸೇಯ್ಫಿ 1928ರಲ್ಲಿ ಕೌಂಟನನ್ನು ಲಂಡನ್ ಬಿಡಿಸಿ ತನ್ನ ಊರಿಗೆ ಕರೆತಂದ.

ಡ್ರಾಕುಲಾನಿಗೆ ನಮ್ಮ ಬೇತಾಳನ ಸಂಬಂಧ ಇದೆಯೇ ಎಂದು ಈ ನೆಪದಲ್ಲಿ ಒಂದು ವಾರ ಹಾಳು ಮಾಡಿಕೊಂಡೆ. ಛಲ ಬಿಡದ ತ್ರಿವಿಕ್ರಮನನ್ನು 'ಚಂದಮಾಮ'ದಲ್ಲಿ ಓದಿದವರಿಗೆ ಬೇತಾಳನೆಂದರೆ ಒಗಟು ಹೇಳುವ ಹೆಣ. ರಿಚರ್ಡ್ ಬರ್ಟನ್ 1870ರಲ್ಲಿ ಆ ಕಥೆಗಳನ್ನು ಇಂಗ್ಲಿಷಿಗೆ ಒಯ್ದಾಗ ಬೇತಾಳನನ್ನು 'ವ್ಯಾಂಪೈರ್' ಎಂದ. ಇದೇ ಬರ್ಟನ್‌ನನ್ನು ಸ್ಟೋಕರ್ ಮುಖತಃ ಕಂಡಿದ್ದ. ನಟ ಹೆನ್ರಿ ಇರ್ವಿಂಗ್ ಬಗ್ಗೆ 1906ರಲ್ಲಿ ಬರೆದ ನೆನಪುಗಳಲ್ಲಿ, ಮಾತಾಡುವಾಗ ಬರ್ಟನ್ನನ ತುಟಿ ಮೇಲೆದ್ದು ಕೋರೆಹಲ್ಲು ಕಠಾರಿಯಂತೆ ಹೊಳೆದದ್ದನ್ನು ಹೇಳಿಕೊಂಡಿದ್ದಾನೆ. ಹಾಗೆಂದು ಡ್ರಾಕುಲಾ ಉಜ್ಜಯಿನಿಯ ಸ್ಮಶಾನದವನು ಎಂದು ಹೊರಟರೆ ಅದು ವಾಟ್ಸ್ಯಾಪ್ ಇತಿಹಾಸವಾದೀತು. ಹಲ್ಲು ಮಾತ್ರ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಉಳಿದ ಪುಸ್ತಕಗಳಿಗೆ ಜಾಗ ಕಮ್ಮಿಯಾಯಿತು. ವಾಲ್ಡಿಮಾರನ ಕಷ್ಟ ಈಗ ಅರ್ಥವಾಗುತ್ತಿದೆ. ಅರ್ಜೆಂಟೀನಾದ ಮರಿಯಾನಾ ಎನ್ರಿಕೆಸ್ 2019ರಲ್ಲಿ ಬರೆದ ದಪ್ಪ ಕಾದಂಬರಿಯ ಇಂಗ್ಲಿಷ್ ಅನುವಾದ 'ಅವರ್ ಶೇರ್ ಆಫ್ ನೈಟ್' ಈ ವರ್ಷದ ಅತ್ಯುತ್ತಮ ಓದು. ಜನ ಕಾಣೆಯಾಗುತ್ತಿದ್ದ ಸೇನಾಡಳಿತದ ಕಾಲದಲ್ಲಿ, ಸಿರಿವಂತ ಮನೆತನಗಳು ಕತ್ತಲೆಗೆ ಪೂಜೆ ಮಾಡುವ ಕಥೆ. ನಡುವೆ ನೂರು ಪುಟ ಇಳಿಸಬಹುದಿತ್ತು. ಜಪಾನಿನ ಕೋಜಿ ಸುಜುಕಿಯ 'ರಿಂಗ್' 1991ರದು. ಸಿನಿಮಾ ನೋಡಿ ಓದಿದ್ದೇ ತಪ್ಪಾಯಿತು. ಟಿವಿಯೊಳಗಿಂದ ಅವಳು ತೆವಳಿ ಬರುತ್ತಾಳೆಂದು ಕೊನೆಯ ಪುಟದವರೆಗೆ ಕಾದೆ. ಆ ದೃಶ್ಯ ಕಾದಂಬರಿಯಲ್ಲಿ ಇಲ್ಲವೇ ಇಲ್ಲ.

ತೆಲುಗಿನ ಯಂಡಮೂರಿಯವರ ಮಾಟದ ಕಾದಂಬರಿ 'ತುಳಸಿದಳ'ವನ್ನು ಮತ್ತೆ ಓದಿದೆ. ಹೈಸ್ಕೂಲಿನಲ್ಲಿ ಕಂಬಳಿಯೊಳಗೆ ಬ್ಯಾಟರಿ ಬಿಟ್ಟು ಓದಿದ್ದು. ಆಗ ಅದರಲ್ಲಿನ ಕಾಷ್ಮೋರ ಎಂಬ ದುಷ್ಟಶಕ್ತಿಯ ಹೆಸರು ಕೇಳಿದರೆ ಬಚ್ಚಲಿಗೆ ಹೋಗಲು ಜೊತೆ ಬೇಕಿತ್ತು. ಈಗ ನೋಡಿದರೆ ಮಾಟಕ್ಕಿಂತ ಆಸ್ತಿಯ ಲೆಕ್ಕಾಚಾರವೇ ಎದ್ದು ಕಾಣುತ್ತದೆ. ಓಟ ಮಾತ್ರ ಹಾಗೇ ಇದೆ, ಕೆಳಗಿಡಲಾಗಲಿಲ್ಲ.

ಕೊನೆಗೆ ಎಂ.ಆರ್. ಜೇಮ್ಸ್. ಕೇಂಬ್ರಿಡ್ಜಿನಲ್ಲಿ ಹಸ್ತಪ್ರತಿಗಳ ನಡುವೆ ಬದುಕಿದ ವಿದ್ವಾಂಸ. ಕ್ರಿಸ್ಮಸ್ ಸಮಯದಲ್ಲಿ ಮೇಣದ ಬತ್ತಿಯ ಬೆಳಕಿನಲ್ಲಿ ಗೆಳೆಯರಿಗೆ ಓದಿ ಹೇಳಲೆಂದೇ ಕಥೆ ಬರೆಯುತ್ತಿದ್ದ. 1904ರ ಮೊದಲ ಸಂಕಲನದಲ್ಲಿ ಒಂದು ಸೀಟಿಯ ಕಥೆಯಿದೆ. ಕಡಲ ತೀರದ ಹಾಳುಗುಡಿಯಲ್ಲಿ ಸಿಕ್ಕ ಸೀಟಿಯನ್ನು ದೆವ್ವ ನಂಬದ ಪ್ರೊಫೆಸರನೊಬ್ಬ ಊದುತ್ತಾನೆ. ರಾತ್ರಿ ಹೊತ್ತು ಸಿಳ್ಳೆ ಹಾಕಬೇಡವೋ ಎಂದು ನಮ್ಮಜ್ಜಿ ಬೈಯುತ್ತಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಅವನ ಕೋಣೆಯಲ್ಲಿ ಎರಡು ಮಂಚ. ಒಂದರಲ್ಲಿ ಅವನು, ಇನ್ನೊಂದು ಖಾಲಿ. ಆಮೇಲಿನದನ್ನು ಹೇಳಿದರೆ ಓದುವವರಿಗೆ ದ್ರೋಹ. ಖಾಲಿ ಹಾಸಿಗೆಯ ಮೇಲಿನ ದುಪ್ಪಟಿಯ ಬಗ್ಗೆ ಅಷ್ಟು ಕೆಟ್ಟ ಕಥೆ ಇನ್ನೊಂದಿಲ್ಲ.

ನಾನು ಓದುವ ಕೋಣೆಯಲ್ಲೂ, ನೆಂಟರು ಬಂದರೆ ಇರಲೆಂದು ದುಪ್ಪಟಿ ಹೊದಿಸಿ ಸುತ್ತಿಟ್ಟ ಹಾಸಿಗೆಯೊಂದು ಮೂಲೆಗೆ ಒರಗಿತ್ತು. ಅದನ್ನು ಹಾಲಿಗೆ ಸಾಗಿಸಿದ್ದೇನೆ. ಯಾಕೆಂದು ಕೇಳಿದ ಹೆಂಡತಿಗೆ ತಿಗಣೆ ಎಂದಿದ್ದೇನೆ.