ಕೊಟ್ಟ ಹಣ ಯಾವ ಬಾಕಿಗೆ?

ನಾವಿರುವ ವಸತಿಸಮುಚ್ಚಯದ ಲೆಕ್ಕವನ್ನು ಕಂಪ್ಯೂಟರಿನಲ್ಲಿಡುವ ಕೆಲಸವು, ನಿವೃತ್ತನೆಂಬ ಒಂದೇ ಅರ್ಹತೆಯಿಂದ, ನನ್ನ ಪಾಲಿಗೆ ಬಂದಿತು. ಪ್ರತಿಯೊಂದು ಬೇಡಿಕೆಗೂ ಒಂದು ಸಾಲು. ಸಾಲಿನ ಕೊನೆಯಲ್ಲಿ 'ಸಂದ ಹಣ' ಎಂಬ ಒಂದು ಅಂಕಣ. ನಾನು ರಚಿಸಿದ ಕೋಷ್ಟಕವು ಇಷ್ಟೇ. ಇದರಿಂದ ಒಬ್ಬ ವೃದ್ಧೆಯ ಮಾನಕ್ಕೆ ಕುಂದುಂಟಾಗುವುದೆಂದು ನಾನು ಎಣಿಸಿರಲಿಲ್ಲ.

ಆಕೆಯು ಕೊಡತಕ್ಕುದು ಮೂರು ಬಗೆಯಾಗಿದ್ದಿತು: ಏಪ್ರಿಲ್ ತಿಂಗಳ ನಿರ್ವಹಣೆಗೆ 1,500 ರೂಪಾಯಿ, ಮೇ ತಿಂಗಳಿಗೆ 1,500, ನೀರಿಗೆ 400. ಆಕೆ ಮೇ ತಿಂಗಳಲ್ಲಿ ಒಮ್ಮೆಗೇ 2,000 ರೂಪಾಯಿ ಕೊಟ್ಟರು. ನಾನು ಅಷ್ಟನ್ನೂ ಏಪ್ರಿಲ್ ಸಾಲಿನಲ್ಲಿ ಬರೆದೆನು. ಅಲ್ಲಿ 500 ಹೆಚ್ಚಾಗಿ ನಿಂತಿತು; ಯಂತ್ರವು ಮಿಕ್ಕ ಎರಡು ಸಾಲುಗಳನ್ನು ಕೂಡಿ 1,900 ಬಾಕಿಯೆಂದಿತು. ನಿಜವಾದ ಬಾಕಿ 1,400. ಆಕೆಯ ಹೆಸರು ಮೆಟ್ಟಿಲ ಬಳಿಯ ಫಲಕವನ್ನೇರಿತು.

"ಮೇಷ್ಟ್ರೇ, ಏಪ್ರಿಲ್‌ದು ಪೂರ್ತಿ, ನೀರಿನದು ಪೂರ್ತಿ, ಮಿಕ್ಕದ್ದು ಮೇ ತಿಂಗಳಿಗೆ ಅಂತ ಹೇಳಿಯೇ ಕೊಟ್ಟಿದ್ದೆನಲ್ಲ?" ಎಂದರು. ಹೇಳಿದ್ದು ನಿಜ. ಬರೆಯಲು ನನ್ನ ಕೋಷ್ಟಕದಲ್ಲಿ ಸ್ಥಳವಿರಲಿಲ್ಲ.

ಒಂದು ಪಾವತಿಯು ಹಲವು ಬೇಡಿಕೆಗಳಿಗೆ ಸಲ್ಲಬಹುದು. ಒಂದು ಬೇಡಿಕೆಯು ಹಲವು ಪಾವತಿಗಳಿಂದ ತೀರಬಹುದು. ಸಂಬಂಧವು ದ್ವಿಷ್ಠ, ಎಂದರೆ ಎರಡರಲ್ಲಿ ನಿಲ್ಲತಕ್ಕುದು, ಎಂದು ತರ್ಕಪಾಠದಲ್ಲಿ ಓದಿದವನು ಇದನ್ನು ಮೊದಲೇ ಕಾಣಬೇಕಾಗಿದ್ದಿತು. ಬೇಡಿಕೆಗಳಿಗೊಂದು, ಪಾವತಿಗಳಿಗೊಂದು ಕೋಷ್ಟಕವಿರಲಿ. ನಡುವೆ 'ಹಂಚಿಕೆ'ಯೆಂಬ ಮೂರನೆಯದು ಬೇಕು. ಅದರ ಪ್ರತಿ ಸಾಲಿನಲ್ಲಿಯೂ ಪಾವತಿಯ ಸಂಖ್ಯೆ, ಬೇಡಿಕೆಯ ಸಂಖ್ಯೆ, ಮೊಬಲಗು. ಆಕೆಯ 2,000 ರೂಪಾಯಿ ಪಾವತಿಯಲ್ಲಿ ಒಂದೇ ಸಾಲು. ಹಂಚಿಕೆಯಲ್ಲಿ 1,500, 400, 100 ಎಂದು ಮೂರು. ಹಂಚಿದ ಮೊತ್ತವು ಪಾವತಿಯನ್ನು ಮೀರಕೂಡದು. ಹಂಚದೆ ಉಳಿದದ್ದು ಮುಂಗಡ. ಬಾಕಿಯನ್ನಂತೂ ಎಲ್ಲಿಯೂ ಬರೆದಿಡದೆ, ಬೇಕಾದಾಗ ಕಳೆದು ತಿಳಿಯಬೇಕು.

ಹಂಚುವ ಅಧಿಕಾರ ಯಾರದು? 1872ರ ಭಾರತೀಯ ಕರಾರು ಕಾಯಿದೆಯ 59ರಿಂದ 61ರ ವರೆಗಿನ ಕಲಮುಗಳು ಇದನ್ನು ನಿರ್ಣಯಿಸಿವೆ. ಋಣಿಯು ಇಂತಹ ಸಾಲಕ್ಕೆಂದು ತಿಳಿಸಿ ಕೊಟ್ಟದ್ದನ್ನು ಧನಿಕನು ಸ್ವೀಕರಿಸಿದರೆ ಅದು ಆ ಸಾಲಕ್ಕೇ ಸಲ್ಲಬೇಕು. ಋಣಿಯು ತಿಳಿಸದಿದ್ದರೆ ಧನಿಕನ ಇಷ್ಟ. ಇಬ್ಬರೂ ಸುಮ್ಮನಿದ್ದರೆ ಹಳೆಯ ಸಾಲ ಮೊದಲು. ಯಾಜ್ಞವಲ್ಕ್ಯಸ್ಮೃತಿಯಾದರೋ, ಋಣಿಯು ಕೊಟ್ಟಾಗಲೆಲ್ಲ ಸಾಲಪತ್ರದ ಬೆನ್ನಿನ ಮೇಲೆಯೇ ಬರೆಯತಕ್ಕುದು, ಇಲ್ಲವೆ ಧನಿಕನು ಸ್ವಹಸ್ತದ ಗುರುತುಳ್ಳ ರಸೀದಿಯನ್ನು ಕೊಡತಕ್ಕುದು ಎಂದು ವಿಧಿಸುತ್ತದೆ. ಬೆನ್ನಿನ ಮೇಲೆ ಬರೆದುದು ಯಾವ ಸಾಲಕ್ಕೆಂಬ ಸಂದೇಹವೇ ಇಲ್ಲ. ನನ್ನ ರಸೀದಿಯಲ್ಲಿ 2,000 ಎಂದಿದ್ದಿತೇ ಹೊರತು ಯಾವುದಕ್ಕೆಂದು ಇರಲಿಲ್ಲ.

ಫಲಕದ ಮೇಲಣ ಕಾಗದವನ್ನು ಆ ಸಂಜೆಯೇ ಕಿತ್ತೆನು; ಓದಿದವರು ಆಗಲೇ ಓದಿದ್ದರು. ಜೂನ್ ಮೊದಲ ವಾರ ಆಕೆ 1,400 ರೂಪಾಯಿ ತಂದರು. "ಮೇ ತಿಂಗಳ ಬಾಕಿ" ಎಂದು ರಸೀದಿಯಲ್ಲಿ ಬರೆಯಿಸಿ, ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಮಡಿಸಿಕೊಂಡು ಹೋದರು.