ಕಣಿವೆಯವರ ದೇವರು

ದೀಪಾವಳಿ ರಜೆಗೆ ಪುಣೆಯಿಂದ ಬಂದಿದ್ದ ತಂಗಿಯ ಮಗ, ಹನ್ನೊಂದನೇ ತರಗತಿಯವನು, ನನ್ನ ಮುಂದೆ ಒಂದು ದಪ್ಪ ನೋಟ್‌ಬುಕ್ ಇಟ್ಟ. "ದೊಡ್ಡಮ್ಮ, ನೀನು ಇಂಗ್ಲಿಷ್ ಬಿ.ಎ. ಅಲ್ವಾ, ಓದಿ ಹೇಳು" ಎಂದ. ಮೂವತ್ತು ವರ್ಷ ಸಾರಿನಪುಡಿ ಹುರಿದುಕೊಂಡಿದ್ದವಳ ಪದವಿಗೆ ಇಷ್ಟು ಬೆಲೆ ಬಂದದ್ದು ಅಪರೂಪ. ಆ ರಾತ್ರಿಯೇ ಓದಲು ಕೂತೆ.

ಹುಡುಗ ಒಂದು ಕಲ್ಪನೆಯ ಲೋಕ ಕಟ್ಟುತ್ತಿದ್ದ. ಭೂಪಟವಂತೂ ಬಹಳ ಸೊಗಸಾಗಿತ್ತು. ಬೆಟ್ಟದವರು, ಕಡಲಿನವರು, ಕಣಿವೆಯವರು ಎಂದು ಮೂರು ಜನಾಂಗ. ಒಂದೊಂದಕ್ಕೆ ಒಬ್ಬ ದೇವರು, ಒಂದು ಬಣ್ಣ, ಒಂದು ಆಯುಧ. ಬೆಟ್ಟದವರೆಲ್ಲ ಶೂರರು, ಕಡಲಿನವರೆಲ್ಲ ಜಾಣರು. ಕಣಿವೆಯವರು ಮಾತ್ರ ಎಲ್ಲಿಂದಲೋ ಬಂದು ಸೇರಿಕೊಂಡವರು. ಯಾರಿಗೂ ತಿಳಿಯದ ಭಾಷೆಯಲ್ಲಿ ಗಟ್ಟಿಯಾಗಿ ಮಾತಾಡುತ್ತಾರೆ, ಕಪ್ಪು ದೇವರನ್ನು ಪೂಜಿಸುತ್ತಾರೆ. ಅವರಲ್ಲಿ ಒಬ್ಬನೂ ಒಳ್ಳೆಯವನಿಲ್ಲ.

ಅಲ್ಲಿಗೆ ನನ್ನ ಓದು ನಿಂತಿತು. 1993ರಲ್ಲಿ ಮದುವೆಯಾಗಿ ಶಿವಮೊಗ್ಗದಿಂದ ಮುಂಬಯಿಗೆ ಬಂದಾಗ, ನಮ್ಮ ಚಾಳಿನ ನಲ್ಲಿಯ ಸಾಲಿನಲ್ಲಿ ನನಗೆ 'ಮದ್ರಾಸಿ' ಎಂದೇ ಹೆಸರು. ನಾನು ಮದ್ರಾಸನ್ನು ಕಂಡವಳೇ ಅಲ್ಲ. "ಇವರದು ಬರೀ ಗಲಾಟೆ, ಇವರ ದೇವರೂ ಕಪ್ಪು" ಎಂದು ಒಬ್ಬಾಕೆ ಅಂದದ್ದು ಅರ್ಥವಾಗಿತ್ತು. ನಿಮ್ಮ ವಿಠ್ಠಲನೂ ಕಪ್ಪೇ ಅಲ್ಲವೇ ಎಂದು ಕೇಳುವಷ್ಟು ಮರಾಠಿ ಬರುತ್ತಿರಲಿಲ್ಲ! ಈಗ ನಮ್ಮ ಮನೆಯ ಹುಡುಗನೇ ತನಗೆ ತಿಳಿಯದೆ ನನ್ನನ್ನು ಕಣಿವೆಯಲ್ಲಿ ಕೂರಿಸಿದ್ದ.

ಬೆಳಿಗ್ಗೆ ಅವನಿಗೆ ಬೈಯಲಿಲ್ಲ. ಇಬ್ಬರು ಲೇಖಕರ ವಿಷಯ ಹೇಳಿದೆ.

ಟೋಲ್ಕಿನ್ ನಿಮಗೆಲ್ಲ ಸಿನಿಮಾದಿಂದ ಗೊತ್ತು. ಭಾಷೆಗಳ ಪ್ರಾಧ್ಯಾಪಕರಾದ ಅವರು ಮೊದಲು ಭಾಷೆಗಳನ್ನು ಹುಟ್ಟಿಸಿ, ಆಮೇಲೆ ಅವನ್ನಾಡುವ ಜನರನ್ನು ಹುಟ್ಟಿಸಿದವರು. 1954–55ರಲ್ಲಿ ಬಂದ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಗುಡಿ, ಪೂಜಾರಿಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೆ ಒಂದೆಡೆ ಫರಾಮಿರ್ ಮತ್ತು ಅವನ ಸೈನಿಕರು ಊಟಕ್ಕೆ ಮುಂಚೆ ಪಶ್ಚಿಮಕ್ಕೆ ತಿರುಗಿ ಕ್ಷಣಕಾಲ ಮೌನವಾಗಿ ನಿಲ್ಲುತ್ತಾರೆ. ಅತಿಥಿಯಾಗಿದ್ದ ಫ್ರೋಡೊವಿನ ಜನರಲ್ಲಿ ಅಂಥ ಪದ್ಧತಿಯಿಲ್ಲ. ತಾನು ಹಳ್ಳಿಗಮಾರನೆನಿಸಿ ಅವನಿಗೆ ಸಂಕೋಚವಾಗುತ್ತದೆ. ಸ್ನೇಹಿತರ ಮನೆಯ ಗಣಪತಿ ಆರತಿಯಲ್ಲಿ ಹಾಡು ಬಾರದೆ ಬರೀ ತುಟಿ ಆಡಿಸಿದ ನಿಮಗೆ ಆ ಸಂಕೋಚವನ್ನು ಯಾರೂ ಕಲಿಸಬೇಕಾಗಿಲ್ಲ. ಅದೇ ಟೋಲ್ಕಿನ್‌ಗೆ, ಓರ್ಕ್ ಎಂಬ ಇಡೀ ಜನವನ್ನು ದುಷ್ಟರನ್ನಾಗಿ ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಮುಂದೆ ಬಹಳ ಕಾಡಿತು. ಒಂದು ಉತ್ತರಕ್ಕೆ ಅವರು ನಿಲ್ಲಲಾಗಲಿಲ್ಲ.

ನನಗೆ ಹೆಚ್ಚು ಹಿಡಿಸಿದವರು ಅಮೆರಿಕದ ಅರ್ಸುಲಾ ಲೆ ಗ್ವಿನ್. ತಂದೆ ಆಲ್ಫ್ರೆಡ್ ಕ್ರೋಬರ್ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಬದುಕನ್ನು ಅಭ್ಯಾಸ ಮಾಡಿದ ಮಾನವಶಾಸ್ತ್ರಜ್ಞರು. ಬೇರೆ ಜನರ ನಡೆನುಡಿಯ ಮಾತು ಮಗಳ ಕಿವಿಗೆ ಮನೆಯಲ್ಲೇ ಬಿದ್ದಿತ್ತು. 1971ರ 'ದಿ ಟೂಂಬ್ಸ್ ಆಫ್ ಅಟುವಾನ್'ನಲ್ಲಿ ಅವರು ಕಟ್ಟಿದ ಕಾರ್ಗ್ ಜನರನ್ನು ನೋಡಿ. ಹಿಂದಿನ ಕಾದಂಬರಿಯಲ್ಲಿ ಅವರು ಹಡಗಿನಲ್ಲಿ ಬಂದು ಊರು ಸುಡುವ ಬಿಳಿಯ ದಾಳಿಕೋರರು, ಅಷ್ಟೇ. ಇಲ್ಲಿ ಅವರ ಮನೆಯೊಳಕ್ಕೇ ನಮ್ಮನ್ನು ಕರೆದೊಯ್ಯುತ್ತಾರೆ. ಅವರಿಗೆ ಒಂದು ದೇವರಲ್ಲ, ಮೂರು ಪದರ. ಎಲ್ಲಕ್ಕಿಂತ ಹಳೆಯವರು ಹೆಸರಿಲ್ಲದ ಕತ್ತಲ ಶಕ್ತಿಗಳು, ಆಮೇಲೆ ಅವಳಿ ದೇವರು, ಕೊನೆಗೆ ತಾನೇ ದೇವರೆನ್ನುವ ರಾಜ. ಅವಳಿ ದೇವರ ಗುಡಿಗೆ ಚಿನ್ನದ ಮಾಡು. ಹಳೆಯ ಶಕ್ತಿಗಳ ಮಂದಿರ ಕುಸಿಯುತ್ತಿದೆ. ರಾಜನ ಪೂಜಾರಿಣಿಗೆ ದೇವರಲ್ಲಿ ನಂಬಿಕೆಯೇ ಇಲ್ಲ, ಅಧಿಕಾರದಲ್ಲಿ ಮಾತ್ರ ಇದೆ. ಟೆನಾರ್ ಎಂಬ ಐದು ವರ್ಷದ ಮಗುವನ್ನು, ಸತ್ತ ಪೂಜಾರಿಣಿಯ ಮರುಹುಟ್ಟು ಎಂದು ತಾಯಿಯಿಂದ ಬಿಡಿಸಿ ತರುತ್ತಾರೆ. ಹೆಸರನ್ನೂ ಕಿತ್ತುಕೊಂಡು 'ನುಂಗಿಹೋದವಳು' ಎಂಬರ್ಥದ ಹೆಸರಿಡುತ್ತಾರೆ. ಅಲ್ಲಿಯ ಹುಡುಗಿಯರು ನೂಲುತ್ತಾರೆ, ನೇಯುತ್ತಾರೆ, ಕದ್ದು ಹರಟೆ ಹೊಡೆಯುತ್ತಾರೆ. ಓದುತ್ತ ಓದುತ್ತ ಅವರು ದಾಳಿಕೋರರ ಮಕ್ಕಳೆಂಬುದೇ ಮರೆತುಹೋಗುತ್ತದೆ.

"ನಿನ್ನ ಕಣಿವೆಯಲ್ಲಿ ಗುಡಿ ಗುಡಿಸುವವಳು ಯಾರು? ದೇವರನ್ನು ನಂಬದವನು ಒಬ್ಬನಾದರೂ ಇದ್ದಾನಾ? ಮಗು ಹುಟ್ಟಿದರೆ ಏನು ಮಾಡ್ತಾರೆ?" ಎಂದು ಕೇಳಿದೆ. ಹುಡುಗ ಮುಖ ಸಪ್ಪೆ ಮಾಡಿಕೊಂಡು ಎದ್ದುಹೋದ. ನಲ್ಲಿಯ ಸಾಲಿನ ಕಥೆಯನ್ನು ರಾತ್ರಿ ಅವನಾಗಿ ಬಂದು ಕೇಳಿದ ಮೇಲೆ ಹೇಳಿದೆ.

ಹೊರಡುವ ದಿನ ಶೂ ಹಾಕಿಕೊಳ್ಳುತ್ತಾ, "ಕಣಿವೆಯವರ ದೇವರಿಗೆ ಏನು ನೈವೇದ್ಯ ಮಾಡಿಸಲಿ ದೊಡ್ಡಮ್ಮ?" ಎಂದ.

"ಮೊದಲು ಅಲ್ಲಿ ಏನು ಬೆಳೆಯುತ್ತೆ ಅಂತ ಹೇಳು" ಎಂದೆ.

ರಾಗಿಯೋ ಭತ್ತವೋ ತೀರ್ಮಾನವಾಗುವಷ್ಟರಲ್ಲಿ ಪುಣೆಯ ರೈಲು ತಪ್ಪಿತು.